ಹಡಗು ಬಂದದ್ದನ್ನು ಗಮನಿಸಲಾಗಿದೆ

ಲಿನಾವಗ್ ದ್ವೀಪಕ್ಕೆ ಸೆಬು ನಗರದಿಂದ ದಿನಕ್ಕೊಂದು ಹಡಗು ಬರುತ್ತದೆ. ಅದು ಬಂದಿದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಅಧಿಕಾರ ಪುರಸಭೆಯ ಬಂದರು ಕಚೇರಿಗೆ ಮಾತ್ರ ಇದೆ. ಹಡಗಿಗಾಗಲಿ, ಅದರ ಕ್ಯಾಪ್ಟನ್ನಿಗಾಗಲಿ, ಅದರೊಳಗೆ ಕೂತು ಬಂದವರಿಗಾಗಲಿ ಈ ವಿಷಯದಲ್ಲಿ ಯಾವ ಅಧಿಕಾರವೂ ಇಲ್ಲ.

ಆ ಕಚೇರಿಯಲ್ಲಿ ಲುಡಿವಿನಾ ಕಬಾಹುಗ್ ಎಂಬ ಗುಮಾಸ್ತೆ ಇದ್ದಳು. ಊರಿನವರ ಬಾಯಲ್ಲಿ ಲುಡಿ. ಅವಳ ಗಂಡ ಸಿಯಾನೊ ದೇಶಾಂತರ ಓಡಾಡುವ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಮದುವೆಯಾಗಿ ಹತ್ತು ವರ್ಷ ದಾಟಿದ್ದರೂ ಅವರಿಬ್ಬರೂ ಒಂದೇ ಸೂರಿನಡಿ ಕಳೆದ ದಿನಗಳನ್ನೆಲ್ಲ ಕೂಡಿಸಿದರೆ ಒಂದು ವರ್ಷವೂ ಆಗುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಅತ್ತೆ ಬಸಿಲಿಸಾ ಇದನ್ನು ದಿನವೂ ನೆನಪಿಸುತ್ತಿರಲಿಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದಮೇಲೆ ಮಾತ್ರ ನೆನಪಿಸುತ್ತಿದ್ದಳು.

ಹಡಗಿನ ವೇಳಾಪಟ್ಟಿ ಕಂಪ್ಯೂಟರಿನಲ್ಲಿತ್ತು. ಕಚೇರಿಯವರೆಲ್ಲ ಹಂಚಿಕೊಂಡ ಒಂದೇ ದಾಖಲೆ. ಯಾರು ಬೇಕಾದರೂ ತೆರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಒಂದು ದಿನ ಯಾರೋ ಹೊರಡುವ ಹೊತ್ತನ್ನು ಅರ್ಧ ಗಂಟೆ ಹಿಂದಕ್ಕೆ ತಂದರು. ಅದೇ ದಿನ ಉಪಮೇಯರ್ ಅವರು ಗವರ್ನರರ ಹುಟ್ಟುಹಬ್ಬಕ್ಕೆಂದು ಇಡೀ ಹಂದಿಯನ್ನು ಕೆಂಡದ ಮೇಲೆ ಸುಡಿಸಿಕೊಂಡು, ಬಾಳೆಲೆಯಲ್ಲಿ ಸುತ್ತಿಸಿಕೊಂಡು ಕಟ್ಟೆಗೆ ಬಂದರು. ಹಡಗು ಹೋಗಿಯಾಗಿತ್ತು. ಅವರು ಹಂದಿಯ ಪಕ್ಕದಲ್ಲಿ ಕೂತು ಸಮುದ್ರ ನೋಡಿದರು. ಊರಿನ ನಾಯಿಗಳು ಅವರ ಸುತ್ತ ಕೂತು ಹಂದಿಯನ್ನು ನೋಡಿದವು. ಮರುದಿನ ಬೆಳಿಗ್ಗೆ ಸುತ್ತೋಲೆ ಹೊರಟಿತು:

‘ಸದರಿ ದಾಖಲೆಯಲ್ಲಿ ಇನ್ನು ಮುಂದೆ ಆಗುವ ಯಾವುದೇ ಬದಲಾವಣೆಯನ್ನು ಸಂಬಂಧಪಟ್ಟ ಎಲ್ಲರಿಗೂ ತತ್‌ಕ್ಷಣ ಸೂಚಿಸತಕ್ಕದ್ದು. ಸೂಚನೆ ತಲುಪಿದವರು ಗಮನಿಸಿದ್ದೇವೆಂದು ಅದೇ ದಾಖಲೆಯಲ್ಲಿ ನಮೂದಿಸತಕ್ಕದ್ದು.’

ಬಂದರು ವ್ಯವಸ್ಥಾಪಕ ಎಂಜಿನಿಯರ್ ಟುಮುಲಾಕ್ ಸುತ್ತೋಲೆ ಹಿಡಿದುಕೊಂಡು ನೇರವಾಗಿ ಲುಡಿಯ ಮೇಜಿಗೆ ಬಂದರು. ಹಿಂದೊಮ್ಮೆ ಅವರ ಮೊಬೈಲಿನ ರಿಂಗ್‌ಟೋನ್ ಬದಲಿಸಿಕೊಟ್ಟಿದ್ದರಿಂದ ಲುಡಿಯನ್ನು ಕಚೇರಿಯ ತಾಂತ್ರಿಕ ತಜ್ಞೆಯೆಂದು ಪರಿಗಣಿಸಲಾಗಿತ್ತು.

“ದಾಯ್, ಮಗ್ಳೇ ಲುಡಿ, ಈ ನೋಟಿಫಿಕೇಶನ್ನು ಅಂತಾರಲ್ಲ, ಟಿಣ್ ಅನ್ನುತ್ತಲ್ಲ ಅದು, ಎಲ್ರಿಗೂ ಹೋಗೋ ಹಾಗೆ ಮಾಡೋಕೆ ಎಷ್ಟು ದಿನ ಬೇಕಮ್ಮ?”

“ಈಗ್ಲೇ ಮಾಡ್ಕೊಡ್ತೀನಿ ಸರ್. ಒಂದು ಗುಂಡಿ ಒತ್ತಿದ್ರಾಯ್ತು.”

“ಹಾಗೆಲ್ಲ ಹೇಳ್ಬೇಡ. ಮೂರು ತಿಂಗ್ಳ ಯೋಜನೆ ಅಂತ ಬರ್ಕೊಂಡಿದೀನಿ.”

ಲುಡಿ ಸಂಜೆಯ ತಿಂಡಿಗೆ ಬಂದ ಪಾನ್ಸಿತ್ ಶಾವಿಗೆ ಆರುವ ಮೊದಲೇ ಗುಂಡಿ ಒತ್ತಿದಳು. ಮೂರು ತಿಂಗಳಾದ ಮೇಲೆ ಅದನ್ನು ಉದ್ಘಾಟಿಸಲಾಯಿತು. ಮೇಯರ್ ನಗುತ್ತಿರುವ ಫ್ಲೆಕ್ಸ್ ಕಟ್ಟೆಯ ಮೇಲೆ ಬಂತು.

ಮೊದಲ ವಾರವೇ ಒಂದು ಸಣ್ಣ ತೊಡಕು ಎದುರಾಯಿತು. ಒಬ್ಬರು ‘ಗಮನಿಸಿದೆ’ ಎಂದು ಬರೆದರೆ ಅದೂ ದಾಖಲೆಯಲ್ಲಾದ ಬದಲಾವಣೆಯೇ; ಆದ್ದರಿಂದ ಎಲ್ಲರ ಮೊಬೈಲೂ ಮತ್ತೆ ಟಿಣ್ ಎನ್ನುತ್ತಿತ್ತು. ಆ ಗಮನಿಕೆಯನ್ನು ಗಮನಿಸಿದೆನೆಂದು ಬರೆದರೆ ಇನ್ನೊಮ್ಮೆ ಟಿಣ್. ಖಜಾಂಚಿಯವರು ಶವಯಾತ್ರೆಯೊಂದರಲ್ಲಿ ನಡೆಯುತ್ತಿದ್ದಾಗ ಅವರ ಜೇಬು ಚರ್ಚಿನಿಂದ ಸ್ಮಶಾನದವರೆಗೂ ಬಡಿದುಕೊಂಡಿತು. ಪುರಸಭೆಯ ಕಾನೂನು ಸಲಹೆಗಾರ ಅಟಾರ್ನಿ ಬಕಾಲ್ಸೊ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ, ಗಮನಿಕೆಯ ಗಮನಿಕೆಯನ್ನು ಗಮನಿಸಿದರೆ ಸಾಕು, ಅದರಾಚೆಗಿನದು ಭಕ್ತಿಗೆ ಬಿಟ್ಟ ವಿಷಯ ಎಂದು ಅಭಿಪ್ರಾಯಪಟ್ಟರು.

ಇಷ್ಟು ದುಡಿಮೆಗೆ ಭತ್ಯೆ ಇಲ್ಲದಿರುವುದು ಅನ್ಯಾಯವೆಂದು ಕಂಡುಬಂದದ್ದರಿಂದ ‘ಗಮನಿಕೆ ಭತ್ಯೆ’ ಮಂಜೂರಾಯಿತು. ಭತ್ಯೆ ಮಂಜೂರಾದ ಮರುದಿನದಿಂದ ಸಂಬಂಧಪಟ್ಟವರ ಸಂಖ್ಯೆ ಬೆಳೆಯಿತು. ಕಸ ವಿಭಾಗದವರಿಗೆ ಹಡಗಿನೊಡನೆ ಸಂಬಂಧ ಇರುವುದು ಪತ್ತೆಯಾಯಿತು. ಕಸಾಯಿಖಾನೆಯ ಇನ್ಸ್‌ಪೆಕ್ಟರಿಗೆ ಇತ್ತು. ಹಿಂದಿನ ವರ್ಷದ ದ್ವೀಪಸುಂದರಿಗೂ ಇತ್ತು. ಕೊನೆಗೆ ಮೇಯರ್ ತಮ್ಮ ತಂಗಿ ಪುರಿಂಗ್ ಅವರನ್ನು ‘ಸಾಗರೋತ್ತರ ಗಮನಿಕೆದಾರರು’ ಎಂದು ನೇಮಿಸಿದರು. ಆಕೆ ಕೆನಡಾದ ವಿನ್ನಿಪೆಗ್ಗಿನಲ್ಲಿ ನರ್ಸು. ಭತ್ಯೆಯನ್ನು ಆಕೆಯ ಪರವಾಗಿ ಮೇಯರ್ ಸ್ವೀಕರಿಸುತ್ತಿದ್ದರು; ಅಷ್ಟು ದೂರಕ್ಕೆ ಕಳಿಸಿದರೆ ಕಮಿಷನ್ ಕಡಿತವಾಗುತ್ತದೆ ಎಂಬ ಒಂದೇ ಕಾರಣಕ್ಕೆ.

ಇಲ್ಲಿಯವರೆಗೆ ಹಡಗಿಗೆ ಏನೂ ತೊಂದರೆ ಇರಲಿಲ್ಲ. ಹಡಗಿಗೆ ಸಂಬಂಧಪಟ್ಟದ್ದು ಅಟಾರ್ನಿಯವರ ಎರಡನೆಯ ಅಭಿಪ್ರಾಯ. ಯಾರೋ ಒಬ್ಬರು ಸೂಚನೆ ಗಮನಿಸದೆಯೇ ಭತ್ಯೆ ಎತ್ತಿದ್ದಾರೆಂಬ ದೂರು ಬಂದಾಗ ಅವರು ಹೀಗೆ ಬರೆದರು: ‘ಸಂಬಂಧಪಟ್ಟವರೆಲ್ಲ ಗಮನಿಸುವ ತನಕ ಯಾವ ಬದಲಾವಣೆಯೂ ಆಗಿದೆಯೆಂದು ಭಾವಿಸತಕ್ಕದ್ದಲ್ಲ.’ ಹಡಗು ಬರುವ ಹೊತ್ತು ಗಾಳಿ ಅಲೆಗಳ ಕೈಯಲ್ಲಿರುವುದರಿಂದ ಅದು ದಿನವೂ ಬದಲಾವಣೆ. ಹೊರಡುವ ಹೊತ್ತು ಕಚೇರಿಯ ಕೈಯಲ್ಲಿರುವುದರಿಂದ ಅದು ನಿಯಮ. ಆದ್ದರಿಂದ ಹಡಗು ಕಟ್ಟೆಗೆ ತಾಗಿ, ಹಗ್ಗ ಬಿಗಿದು, ಎಂಜಿನ್ ಆರಿಸಿ ನಿಂತರೂ, ಪಟ್ಟಿಯಲ್ಲಿರುವ ಕೊನೆಯ ವ್ಯಕ್ತಿ ಗಮನಿಸುವ ತನಕ ಅದು ಬಂದಿರುವುದಿಲ್ಲ.

ಕೊನೆಯ ವ್ಯಕ್ತಿ ಯಾವಾಗಲೂ ಪುರಿಂಗ್. ಆಕೆಗೆ ಹಗಲು ಪಾಳಿ ಬಿದ್ದಾಗ ತೊಂದರೆ ಇರಲಿಲ್ಲ. ಇಲ್ಲಿ ಹಡಗು ಬರುವ ಬೆಳಗಿನ ಹೊತ್ತಿಗೆ ಅಲ್ಲಿ ಆಕೆ ಮನೆ ಸೇರಿ ಕಾಲು ಚಾಚಿ ಕೂತಿರುತ್ತಿದ್ದಳು, ತಕ್ಷಣ ಗಮನಿಸುತ್ತಿದ್ದಳು. ರಾತ್ರಿ ಪಾಳಿ ಬಿದ್ದಾಗ ಮೊಬೈಲು ಆಸ್ಪತ್ರೆಯ ಬೀರುವಿನಲ್ಲಿ. ನಡುರಾತ್ರಿಯ ಊಟದ ಬಿಡುವಿನಲ್ಲಷ್ಟೇ ಕೈಗೆ ಸಿಗುತ್ತಿತ್ತು. ಆಗ ಲಿನಾವಗ್ಗಿನಲ್ಲಿ ಮಧ್ಯಾಹ್ನ ಒಂದು ಗಂಟೆ. ಊರಿನವರು ಬೇಗನೆ ಹೊಂದಿಕೊಂಡರು. ಉಬ್ಬರವಿಳಿತ ಕೇಳುವ ಹಾಗೆ ಪುರಿಂಗಳ ಪಾಳಿ ಕೇಳಿ ಪ್ರಯಾಣ ಗೊತ್ತುಮಾಡತೊಡಗಿದರು.

ಸಿಯಾನೊ ಊರಿಗೆ ಹೊರಟದ್ದು ಪುರಿಂಗ್ ಆ ಇಡೀ ಋತುವಿಗೆ ರಾತ್ರಿ ಪಾಳಿ ಬರೆಸಿಕೊಂಡಿದ್ದ ಕಾಲದಲ್ಲಿ. ಅವಳು ಲಿನಾವಗ್ಗಿನಲ್ಲಿ ಮನೆ ಕಟ್ಟಿಸುತ್ತಿದ್ದಳು. ರಾತ್ರಿಗೆ ಸಂಬಳ ಹೆಚ್ಚು. ಲುಡಿ ಗಂಡನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಲು ನೋಡಿದಳು. ಅವನಿದ್ದದ್ದು ಎಂಜಿನ್ ಕೋಣೆ. “ಆಯ್ತು ಆಯ್ತು, ಪುರಿಂಗ್‌ಗೂ ಚಾಕ್ಲೇಟ್ ತಂದಿದೀನಿ” ಎಂದ.

ಹಡಗು ಎಂಟು ಗಂಟೆ ಹತ್ತು ನಿಮಿಷಕ್ಕೆ ಕಟ್ಟೆಗೆ ತಾಗಿತು. ಲುಡಿ ಅದನ್ನು ದಾಖಲೆಯಲ್ಲಿ ಬರೆದು, ಹೊಸ ಹೂವಿನ ಅಂಗಿಯನ್ನು ಸರಿಮಾಡಿಕೊಂಡು, ಬೇಲಿಯ ಹತ್ತಿರ ಓಡಿದಳು. ಸಿಯಾನೊ ಮೇಲ್ಗಡೆಯ ಕಂಬಿಗೆ ಒರಗಿ ಎರಡೂ ಕೈ ಬೀಸುತ್ತಿದ್ದ. ಹೋಗುವಾಗ ಇದ್ದುದಕ್ಕಿಂತ ಮೈ ಬಂದಿತ್ತು, ಕೂದಲು ಕಡಿಮೆಯಾಗಿತ್ತು.

“ಮಾಂಗ್! ಬಂದೆ ಕಣೇ!”

“ಇನ್ನೂ ಬಂದಿಲ್ಲ ಪಾಂಗ್! ಸ್ವಲ್ಪ ತಡ್ಕೋ!” ಎಂದು ಅವಳೂ ಮುದ್ದಿನ ಹೆಸರು ಹಿಡಿದೇ ಕೂಗಿದಳು.

“ಏನಂದೆ?”

“ನೀನು ಬಂದಿಲ್ಲ! ಪುರಿಂಗ್ ನೋಡ್ಬೇಕು!”

“ಯಾವ ಪುರಿಂಗ್?”

“ವಿನ್ನಿಪೆಗ್ ಪುರಿಂಗ್!”

ಸಿಯಾನೊ ಪಕ್ಕದಲ್ಲಿ ನಿಂತು ಹಲ್ಲುಜ್ಜುತ್ತಿದ್ದ ಶಾಲಾ ಮೇಷ್ಟರ ಕಡೆ ತಿರುಗಿದ. “ಸರ್, ನಮ್ಮನೆಯವಳಿಗೆ ಹುಷಾರಿಲ್ವಾ?”

“ಚೆನ್ನಾಗೇ ಇದಾರೆ. ಅವ್ರು ಹೇಳೋದು ಸರಿ. ರಾತ್ರಿ ಪಾಳಿ” ಎಂದು ಮೇಷ್ಟರು ಬಾಯಿ ಮುಕ್ಕಳಿಸಿದರು. ಅವರು ಗುರುವಾರದಿಂದ ಅಲ್ಲೇ ಇದ್ದರು; ಫೋನಿನಲ್ಲೇ ಪಾಠ ನಡೆಸುತ್ತಿದ್ದರು.

ಅಷ್ಟರಲ್ಲಿ ಸರಕು ಇಳಿಯತೊಡಗಿತು. ಸರಕಿಗೆ ಬೇರೆ ಕಚೇರಿ ಇದೆ, ಅದಕ್ಕೆ ಇನ್ನೂ ಕಂಪ್ಯೂಟರು ಬಂದಿಲ್ಲ. ಅಕ್ಕಿ ಮೂಟೆ, ಸಿಮೆಂಟು, ಪೆಪ್ಸಿ, ಎರಡು ಹಂದಿಮರಿ, ಆಮೇಲೆ ಸಿಯಾನೊ ತಂದ ದೊಡ್ಡ ರಟ್ಟಿನ ಪೆಟ್ಟಿಗೆ. ಅತ್ತೆ ಬಸಿಲಿಸಾ ಅದನ್ನು ಕೈಗಾಡಿಗೆ ಹೇರಿಸಿಕೊಂಡು, ಮಗನಿಗೆ ಕೈಬೀಸಿ, ಮನೆಗೆ ಹೊರಟಳು.

“ಅಮ್ಮಾ, ನಾನಿಲ್ಲಿದೀನಿ!” ಎಂದು ಸಿಯಾನೊ ಕೂಗಿದ.

“ಗೊತ್ತು ಕಣೋ ಮಗ್ನೆ. ನೀನು ಬಂದ್ಮೇಲೆ ಪೆಟ್ಟಿಗೆ ಬಿಚ್ಚೋಣ” ಎಂದು ಹೇಳಿ ಅವಳು ಹೋದಳು. ಅರ್ಧ ಗಂಟೆಯಲ್ಲಿ ಹೊಸ ಬೂಟು ಹಾಕಿಕೊಂಡು ವಾಪಸು ಬಂದಳು.

ಸಿಯಾನೊ ಏಣಿಯ ಬುಡಕ್ಕೆ ಇಳಿದು ಬಂದ. ಅಲ್ಲಿ ಕಾವಲುಗಾರ ಕ್ರಿಸ್ಪುಲೊ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ.

“ನೋಂಗ್, ಬಿಡಿ ಅಣ್ಣ. ನನ್ನ ಬೂಟು ಇಳೀತು, ನಾನು ಇಳೀಬಾರ್ದಾ?”

“ಹಡಗು ಬಂದಿಲ್ಲ ದೋಂಗ್, ತಮ್ಮಾ. ನೀನೀಗ ಇಳಿದ್ರೆ ಎಲ್ಲಿಂದ ಬಂದೆ ಅಂತ ಬರ್ಕೊಳ್ಳಲಿ? ಸಮುದ್ರದ ಮೇಲೆ ನಡ್ಕೊಂಡು ಬಂದೆ ಅಂತ್ಲಾ? ಪಾದ್ರಿಗಳು ತಕರಾರು ಮಾಡ್ತಾರೆ.”

“ನನ್ ಬೆನ್ನಿಗೂ ಒಂದು ಚೀಟಿ ಅಂಟ್ಸಿ. ಮೂಟೆ ಲೆಕ್ಕದಲ್ಲಿ ಇಳೀತೀನಿ.”

“ಮೂಟೆಗೆ ತೂಕದ ಮೇಲೆ ಸುಂಕ. ನಿನ್ನ ಹೊಟ್ಟೆ ನೋಡ್ಕೊಂಡು ಮಾತಾಡು.”

ಅವರ ಹಿಂದೆ ಸಾಲು ನಿಂತಿದ್ದವರು ನಕ್ಕರು. ಯಾರಿಗೂ ಕೋಪ ಇರಲಿಲ್ಲ. ಮೇಯರರ ಭಾವಮೈದ ದೋಣಿಯಲ್ಲಿ ಬಿಸಿ ಅಕ್ಕಿಗಂಜಿ, ಒಣಮೀನು ತಂದು ಹಡಗಿನ ಮಗ್ಗುಲಿಗೆ ನಿಲ್ಲಿಸಿ, ಬುಟ್ಟಿ ಇಳಿಬಿಟ್ಟವರಿಗೆಲ್ಲ ಮಾರಿದ. ಗಂಜಿಗೆ ಊರಿನ ದರವಲ್ಲ, ಸಮುದ್ರದ ದರ. ಹಡಗು ಇನ್ನೂ ಸಮುದ್ರದಲ್ಲಿರುವುದರಿಂದ ಅದು ನ್ಯಾಯವೇ ಆಗಿತ್ತು.

ಒಂದು ಗಂಟೆಗೆ ಎಲ್ಲರ ಮೊಬೈಲೂ ಟಿಣ್ ಎಂದಿತು. ‘ಪುರಿಂಗ್ ಗಮನಿಸಿದ್ದಾರೆ.’ ಹಡಗು ಬಂತು. ಕಟ್ಟೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಸಿಯಾನೊ ಒಂದು ಕಾಲು ಮುಂದಿಟ್ಟ. ಕ್ರಿಸ್ಪುಲೊ ಸರಪಳಿ ಬಿಚ್ಚಲಿಲ್ಲ.

“ಈಗೇನು?”

“ಬಂದಿದ್ದು ಎಂಟು ಹತ್ತಕ್ಕೆ ಅಂತ ನಿನ್ನ ಹೆಂಡ್ತೀನೇ ಬರ್ದಿದಾಳೆ. ಇಳಿಯೋಕೆ ಒಂದು ಗಂಟೆ ಟೈಮು. ಒಂಬತ್ತು ಹತ್ತಕ್ಕೆ ಮುಗೀತು.”

ಸಿಯಾನೊ ಹೆಂಡತಿಯ ಕಡೆ ನೋಡಿದ. ಲುಡಿ ತಲೆ ತಗ್ಗಿಸಿದಳು. ಅವಳು ಸುಳ್ಳು ಬರೆಯುವವಳಲ್ಲ. ಬಾರದ ಹಡಗು ಹೊರಡುವಂತಿರಲಿಲ್ಲ; ಈಗ ಬಂದಾಯಿತು, ಹೊರಡುವ ಹೊತ್ತು ಸುಮಾರು ನಾಲ್ಕು ತಾಸು ಮೀರಿತ್ತು. ಸಿಳ್ಳೆ ಹಾಕಿ, ಹಗ್ಗ ಬಿಚ್ಚಿ, ಅದು ಸೆಬುವಿಗೆ ಹೊರಟಿತು. ಸಿಯಾನೊ ಕಂಬಿಗೆ ಒರಗಿ ಸಣ್ಣವನಾಗುತ್ತ ಹೋದ. ಲುಡಿ ಬೇಲಿ ಹಿಡಿದು ನಿಂತೇ ಇದ್ದಳು. ಆಮೇಲೆ ಒಳಗೆ ಹೋಗಿ, ದಾಖಲೆ ತೆರೆದು, ‘ಹೊರಟಿದೆ’ ಎಂದು ಬರೆದು, ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಆ ರಾತ್ರಿ, ಅಂದರೆ ಪುರಿಂಗ್ ಪಾಳಿ ಮುಗಿಸಿ ಮನೆ ಸೇರಿದ ಮೇಲೆ, ಲುಡಿ ಒಂದು ಸಾಹಸ ಮಾಡಿದಳು. ದಾಖಲೆಯ ಗಮನಿಕೆದಾರರ ಸಾಲಿನಿಂದ ಪುರಿಂಗಳ ಹೆಸರನ್ನು ಅಳಿಸಿದಳು. ಅದು ಬದಲಾವಣೆಯಾದ್ದರಿಂದ ಪುರಿಂಗಳಿಗೇ ಸೂಚನೆ ಹೋಯಿತು. ಆಕೆ ವೀಡಿಯೊದಲ್ಲಿ ಬಂದಳು. ಆಸ್ಪತ್ರೆಯ ಬಟ್ಟೆಯಲ್ಲೇ ಇದ್ದಳು, ಕಣ್ಣ ಸುತ್ತ ಕಪ್ಪು.

“ಲುಡಿ, ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ಇಲ್ಲ ಮನಾಂಗ್, ಇಲ್ಲ ಅಕ್ಕ...”

“ಇಲ್ಲಿ ಮುದುಕರ ಮೈ ತೊಳ್ದು, ಊಟಕ್ಕೆ ಕೂತ್ಕೊಂಡು ಮೊಬೈಲ್ ತೆಗೀತೀನಿ. ಹಡಗು ಬಂತು ಅಂತಿರುತ್ತೆ. ಹೊರಗಡೆ ಮಂಜು ಬೀಳ್ತಿರುತ್ತೆ. ಗಮನಿಸಿದೆ ಅಂತ ಒತ್ತಿದ್ರೆ ಕಟ್ಟೆ ಮೇಲೆ ನಾನೇ ನಿಂತ ಹಾಗಾಗುತ್ತೆ. ನನ್ನ ತೆಗೀಬೇಡ ಕಣೇ.”

“ಕೈ ತಪ್ಪಿ ಅಳಿಸಿಹೋಯ್ತು ಮನಾಂಗ್” ಎಂದಳು ಲುಡಿ. ತನ್ನ ಗಂಡ ಹಡಗಿನಲ್ಲಿದ್ದಾನೆ ಎನ್ನಲಿಲ್ಲ. ಹೆಸರನ್ನು ಮತ್ತೆ ಸೇರಿಸಿದಳು. ಪುರಿಂಗ್ ಅದನ್ನು ಗಮನಿಸಿದಳು.

ಮರುದಿನ ಬೆಳಿಗ್ಗೆ ಲುಡಿ ಒಂದು ಚೀಲದಲ್ಲಿ ಬಟ್ಟೆ, ಅನ್ನ ಮಾಡುವ ಕುಕ್ಕರು, ಮೊಬೈಲಿನ ಚಾರ್ಜರು ಹಾಕಿಕೊಂಡು ಎಂಜಿನಿಯರ್ ಟುಮುಲಾಕ್ ಎದುರು ನಿಂತಳು.

“ಸರ್, ಹತ್ತೋದಕ್ಕೆ ಅಡ್ಡಿ ಇಲ್ವಲ್ಲ?”

ಅವರು ಅಟಾರ್ನಿಯವರಿಗೆ ಫೋನು ಮಾಡಿದರು. ಅಟಾರ್ನಿ ಬಹಳ ಹೊತ್ತು ಯೋಚಿಸಿ ಹೇಳಿದರು: “ಹತ್ತುವ ಹೊತ್ತು ಎಂಟು ನಲವತ್ತು, ಅದು ನಿಯಮ. ಹತ್ತುವವರಿಗೆ ಟಿಕೇಟಿರಬೇಕು ಅಂತಿದೆ, ಹಡಗು ಬಂದಿರಬೇಕು ಅಂತ ಎಲ್ಲೂ ಇಲ್ಲ.”

“ಆದ್ರೆ ನಿನ್ನ ಕೆಲ್ಸ?” ಎಂದರು ಟುಮುಲಾಕ್.

“ದಾಖಲೆ ಮೊಬೈಲಲ್ಲೇ ಇದೆ ಸರ್. ಹಡಗು ಬಂದಿದ್ದನ್ನ ಹಡಗಲ್ಲೇ ಕೂತು ಬರೆದ್ರೆ ಇನ್ನೂ ಕರಾರುವಾಕ್ಕಾಗಿರುತ್ತೆ.”

ಟುಮುಲಾಕ್ ಅವಳನ್ನು ಮೆಚ್ಚುಗೆಯಿಂದ ನೋಡಿದರು. ಅದನ್ನು ‘ಸಂಚಾರಿ ಗಮನಿಕೆ ಘಟಕ’ ಎಂದು ಹೆಸರಿಟ್ಟು ಎರಡನೆಯ ಹಂತದ ಯೋಜನೆಯಾಗಿ ಕಳಿಸಿಕೊಟ್ಟರು.

ಹೀಗೆ ಲುಡಿ ಹಡಗು ಹತ್ತಿದಳು. ಸಿಯಾನೊ ಏಣಿಯ ತುದಿಯಲ್ಲಿ ನಿಂತು ಚೀಲ ಇಸಿದುಕೊಂಡ.

“ತೆಳ್ಳಗಾಗಿದೀಯ” ಎಂದ ಅವನು.

“ನೀನಾಗಿಲ್ಲ” ಎಂದಳು.

ಕ್ಯಾಪ್ಟನ್ ಒಳ್ಳೆಯ ಮನುಷ್ಯ. ಮೇಲ್ಗಡೆಯ ಒಂದು ಸಣ್ಣ ಕೋಣೆ ಬಿಟ್ಟುಕೊಟ್ಟ. ಬೆಳಿಗ್ಗೆ ಲಿನಾವಗ್ಗಿಗೆ ಬರುವುದು, ಅಂದರೆ ಬಾರದಿರುವುದು. ಒಂದು ಗಂಟೆಗೆ ಬಂದು, ತಕ್ಷಣ ಹೊರಡುವುದು. ರಾತ್ರಿ ಸೆಬುವಿನ ಬಂದರಿನಲ್ಲಿ ನಿಲ್ಲುವುದು. ಸೆಬುವಿನಲ್ಲಿ ಯಾರು ಬೇಕಾದರೂ ಇಳಿಯಬಹುದಿತ್ತು. ಸಿಯಾನೊ ಮೊದಲ ವಾರ ದಿನವೂ ಅಲ್ಲಿ ಇಳಿದು, ಮಾರುಕಟ್ಟೆ ಸುತ್ತಿ, ಬೈದುಕೊಂಡು ವಾಪಸು ಹತ್ತುತ್ತಿದ್ದ. “ಇಲ್ಲೇ ಎಲ್ಲಾದ್ರೂ ರೂಮ್ ಮಾಡೋಣ” ಎಂದೂ ಅಂದ.

“ಅಮ್ಮ ಕಟ್ಟೆಗೆ ಬಂದಿರ್ತಾರೆ. ಬರ್ದೆ ಹೋದ್ರೆ ಬೇಜಾರು ಮಾಡ್ಕೋತಾರೆ.”

“ಬಂದ್ರೂ ಬರ್ದೆ ಇದ್ದ ಹಾಗೇ ಅಲ್ವೇನೇ?”

“ಅದು ಕಚೇರಿಗೆ. ಅಮ್ಮನಿಗೆ ಕಣ್ಣು ಕಾಣ್ಸುತ್ತೆ.”

ಅತ್ತೆ ದಿನವೂ ಬಂದಳು. ಬೇಲಿಯ ಆಚೆಯಿಂದ ಬುಟ್ಟಿಯಲ್ಲಿ ಹುಣಸೆ ಸಾರು, ಸುಟ್ಟ ಬದನೆ ಕಳಿಸುತ್ತಿದ್ದಳು. ಮಗ ಉಂಡದ್ದನ್ನು ನಿಂತು ನೋಡಿ ಹೋಗುತ್ತಿದ್ದಳು. ಎರಡನೆಯ ವಾರ ಹಡಗಿಗೆ ಇನ್ನೂ ಕೆಲವು ಹೆಂಗಸರು ಹತ್ತಿದರು. ಅವರವರ ಗಂಡಂದಿರೂ ಹಡಗಿನಲ್ಲೇ ಸಿಕ್ಕಿಕೊಂಡಿದ್ದರು. ಚಾಪೆ ಹಾಸಿದರು, ಹಗ್ಗ ಕಟ್ಟಿ ಬಟ್ಟೆ ಒಣಹಾಕಿದರು. ಸಂಜೆ ಹೊತ್ತು ಹಾಡಲು ಕರೋಕೆ ಯಂತ್ರ ಬಂತು. ಸಿಯಾನೊ ಬೈಯುವುದನ್ನು ಬಿಟ್ಟು ಕ್ಯಾಪ್ಟನ್ನಿನ ಎಂಜಿನ್ ಕೋಣೆಗೆ ಇಳಿದು ಎಣ್ಣೆ ಸೋರುವುದನ್ನು ಸರಿಮಾಡಿಕೊಟ್ಟ. ಮೇಷ್ಟರು ಮಕ್ಕಳಿಗೆ ಭೂಗೋಳ ಹೇಳುವಾಗ ಕ್ಯಾಮೆರಾ ತಿರುಗಿಸಿ ಸಮುದ್ರ ತೋರಿಸಿದರು.

ಒಂದು ರಾತ್ರಿ ಲುಡಿ ಕೋಣೆಯ ಗುಂಡುಕಿಟಕಿಯಿಂದ ಸೆಬುವಿನ ದೀಪಗಳನ್ನು ನೋಡುತ್ತ ಹೇಳಿದಳು: “ಮನೇಲಾಗಿದ್ರೆ ಇಷ್ಟು ಹೊತ್ತಿಗೆ ನೀನು ಕೋಳಿಕಾಳಗಕ್ಕೆ ಹೋಗಿರ್ತಿದ್ದೆ. ನಾನು ಅಮ್ಮನ ಕಾಲು ನೀವ್ತಾ ಇರ್ತಿದ್ದೆ.”

“ಬಂದಿದ್ರೆ ತಾನೆ” ಎಂದ ಸಿಯಾನೊ. ಇಬ್ಬರೂ ಬಹಳ ಹೊತ್ತು ನಕ್ಕರು. ಪಕ್ಕದ ಕೋಣೆಯವರು ಗೋಡೆ ಬಡಿದರು.

ಇದೇ ಸುಮಾರಿಗೆ ಪ್ರಾಂತ್ಯದ ಉನ್ನತ ಸಮಿತಿ ಲಿನಾವಗ್ಗಿಗೆ ‘ಅತ್ಯುತ್ತಮ ಹಂಚಿಕೆಯ ದಾಖಲೆ’ ಪ್ರಶಸ್ತಿ ಘೋಷಿಸಿತು. ಸೂಚನೆ ಹೋಗದ ಒಂದೇ ಒಂದು ಬದಲಾವಣೆಯೂ ಅದರಲ್ಲಿ ಇರಲಿಲ್ಲ. ಪ್ರಶಸ್ತಿ ಕೊಡಲು ಸಮಿತಿಯ ಅಧ್ಯಕ್ಷರು ಸ್ವತಃ ಬಂದರು. ಅವರು ಬಂದದ್ದು ಹಡಗಿನಲ್ಲಿ. ಸಮಾರಂಭವನ್ನು ಕಟ್ಟೆಗೂ ಹಡಗಿಗೂ ನಡುವೆ ಧ್ವನಿವರ್ಧಕದ ಮೂಲಕ ನಡೆಸಲಾಯಿತು. ಫಲಕ ಸರಕಾದ್ದರಿಂದ ಸುಲಭವಾಗಿ ಇಳಿಯಿತು. ಅಧ್ಯಕ್ಷರು ಕಂಬಿ ಹಿಡಿದು ಮಾತಾಡಿ, ಇಂಥ ಶಿಸ್ತನ್ನು ತಾವು ಎಲ್ಲೂ ಕಂಡಿಲ್ಲ, ಇದನ್ನು ಎಲ್ಲ ದ್ವೀಪಗಳಿಗೂ ವಿಸ್ತರಿಸಲಾಗುವುದು ಎಂದರು. ಒಂದು ಗಂಟೆಗೆ ಅವರೂ ಹೊರಟರು.

ಸಿಯಾನೊನ ರಜೆ ಮುಗಿಯಿತು. ಒಂದು ಮುಂಜಾನೆ ಸೆಬುವಿನಲ್ಲೇ ಇಳಿದು, ಅಲ್ಲಿಂದ ವಿಮಾನ ಹತ್ತಿ ಮುಂದಿನ ಹಡಗಿಗೆ ಹೋದ. ಲುಡಿ ಕೆಳಗಿಳಿದು ಬಂದು ಅವನ ಅಂಗಿಯ ಕಾಲರು ಸರಿಮಾಡಿದಳು. ಹತ್ತು ವರ್ಷದಲ್ಲಿ ಇಷ್ಟು ದಿನ ಒಟ್ಟಿಗಿದ್ದದ್ದು ಇದೇ ಮೊದಲು. ಅವನು ಎರಡು ಸಲ ಹಿಂತಿರುಗಿ ನೋಡಿದ, ಆಮೇಲೆ ಜನರಲ್ಲಿ ಸೇರಿಹೋದ.

ಮುಂದೆ ಪುರಿಂಗಳ ಮನೆಗೆ ಸೂರು ಹಾಕಿಯಾಯಿತು, ಅವಳು ಹಗಲು ಪಾಳಿಗೆ ತಿರುಗಿದಳು. ಆ ಬೆಳಿಗ್ಗೆ ಹಡಗು ಬರುತ್ತಿದ್ದಂತೆಯೇ ಬಂದಿತು. ಲುಡಿ ಕುಕ್ಕರು ಹಿಡಿದು ಇಳಿದಳು. ಕ್ರಿಸ್ಪುಲೊ ಕುರ್ಚಿಯಿಂದ ಎದ್ದು ಸರಪಳಿ ತೆಗೆದ.

ಕಂಪನಿಯವರು ಸಿಯಾನೊನ ಊರಿನ ಪ್ರಯಾಣಭತ್ಯೆ ತೀರಿಸಲು ಪುರಸಭೆಯಿಂದ ದೃಢೀಕರಣ ಕೇಳಿದ್ದರು. ಎಂಜಿನಿಯರ್ ಟುಮುಲಾಕ್ ದಾಖಲೆಯನ್ನು ಮೇಲಿನಿಂದ ಕೆಳಗೆ ನೋಡಿ, ಸದರಿ ವ್ಯಕ್ತಿ ಈ ಸಾಲಿನಲ್ಲಿ ಊರಿಗೆ ಬಂದಿರುವುದಿಲ್ಲ ಎಂದು ಬರೆದು ಲುಡಿಯ ಮುಂದಿಟ್ಟರು. ಅವಳು ಓದಿದಳು. ತಪ್ಪೇನೂ ಇರಲಿಲ್ಲ. ಮೊಹರು ಒತ್ತಿದಳು. ಒತ್ತಿದವಳೇ ಬಾಯಿಗೆ ಕೈ ಅಡ್ಡ ಹಿಡಿದು ಶೌಚಾಲಯಕ್ಕೆ ಓಡಿದಳು. ಆ ವಾರ ಅವಳು ಹೀಗೆ ಓಡಿದ್ದು ಅದೇ ಮೊದಲಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹೆಂಗಸರು ಬಸಿಲಿಸಾಳನ್ನು ಸುತ್ತುವರಿದರು.

“ಮಗ ಬಂದಿದ್ನಾ ಈ ಸಲ?”

“ಇಲ್ಲಮ್ಮ, ಈ ಸಲ ಬರ್ಲಿಲ್ಲ” ಎಂದಳು ಬಸಿಲಿಸಾ. ಬೀಸಣಿಗೆ ಬೀಸಿಕೊಂಡು, ಸೊಸೆಯ ಕಡೆ ಒಮ್ಮೆ ನೋಡಿ, ದನಿ ಏರಿಸಿದಳು. “ಮೊಮ್ಮಗು ಬರ್ತಾ ಇದೆ.”

“ಹೌದಾ! ದೇವರು ದೊಡ್ಡವನು. ಯಾವಾಗ?”

“ಜೂನ್‌ಗೆ.”

ಹೆಂಗಸರು ಲುಡಿಯ ಕೆನ್ನೆ ಸವರಿ ಒಳ್ಳೆಯದಾಗಲಿ ಎಂದರು. ಪಾದ್ರಿಗಳೂ ಹತ್ತಿರ ಬಂದು ಹರಸಿದರು. ಯಾರಿಗೂ ಇದರಲ್ಲಿ ಕೇಳುವಂಥದ್ದು ಏನೂ ಕಾಣಲಿಲ್ಲ. ಒಬ್ಬಾಕೆ ಮಾತ್ರ ಬೆರಳು ಮಡಿಸಿ ಲೆಕ್ಕ ಹಾಕಿ, ಸ್ವಲ್ಪ ಆತಂಕದಿಂದ ಕೇಳಿದಳು:

“ಜೂನಲ್ಲಿ ಪುರಿಂಗ್‌ಗೆ ಯಾವ ಪಾಳಿ?”